ದೊಡ್ಡವರಾದ ಮೇಲೆ ಬ್ರೆಸ್ಟ್ ಸ್ಟ್ರೋಕ್ ತಿದ್ದಿಕೊಳ್ಳುವುದು: ಕಾಲು ಮೊದಲು, ಕೈ ಆಮೇಲೆ

ವಯಸ್ಸಾದ ಮೇಲೆ ಈಜು ಕಲಿತವರಲ್ಲಿ ಬಹಳಷ್ಟು ಜನರ ಬ್ರೆಸ್ಟ್ ಸ್ಟ್ರೋಕ್ (ಬೋರಲಾಗಿ, ಕಪ್ಪೆಯಂತೆ ಕೈಕಾಲು ಆಡಿಸುವ ಈಜು) ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಮುಳುಗುವುದಿಲ್ಲ, ಹಾಗಂತ ಮುಂದಕ್ಕೂ ಹೋಗುವುದಿಲ್ಲ. 25 ಮೀಟರ್ ಮುಗಿಸುವಷ್ಟರಲ್ಲಿ ಏದುಸಿರು, ಕುತ್ತಿಗೆಯಲ್ಲಿ ನೋವು, ಗೋಡೆ ಹಿಡಿದು ಎರಡು ನಿಮಿಷ ನಿಲ್ಲಬೇಕು. ಅದೇ ಹೊತ್ತಿಗೆ ಪಕ್ಕದ ಲೇನಿನಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ಸದ್ದೇ ಇಲ್ಲದೆ ಅರ್ಧ ಗಂಟೆಯಿಂದ ಹೋಗಿ ಬರುತ್ತಾ ಇರುತ್ತಾರೆ. ಅವರಿಗೆ ನಮಗಿಂತ ಹೆಚ್ಚು ಶಕ್ತಿಯೇನಿಲ್ಲ. ತಮ್ಮ ಮೈಗೆ ತಾವೇ ಬ್ರೇಕ್ ಹಾಕಿಕೊಳ್ಳುವುದು ಕಡಿಮೆ, ಅಷ್ಟೇ.

ಸ್ಪರ್ಧೆಯ ನಾಲ್ಕು ಶೈಲಿಗಳಲ್ಲಿ ಅತಿ ನಿಧಾನದ್ದು ಬ್ರೆಸ್ಟ್ ಸ್ಟ್ರೋಕ್. ಕಾರಣ ಸರಳ. ಪ್ರತಿ ಸುತ್ತಿನಲ್ಲೂ ಎದೆ ಮೇಲೆದ್ದು, ಮಂಡಿ ಮಡಿಸಿ, ಕೈಯನ್ನು ನೀರೊಳಗೇ ಮುಂದಕ್ಕೆ ತರಬೇಕು. ಈ ಮೂರೂ ಓಟವನ್ನು ತಡೆಯುವ ಕೆಲಸಗಳೇ. ಹಾಗಾಗಿ ಇಲ್ಲಿ ಜೋರು ಮಾಡಿದವರಿಗಿಂತ ತಡೆ ಕಡಿಮೆ ಮಾಡಿಕೊಂಡವರೇ ಮುಂದೆ ಹೋಗುತ್ತಾರೆ. ಇನ್ನೊಂದು ಮಾತು: ಒಂದಾದ ಮೇಲೊಂದು ಕೈ ಬೀಸುವ ಫ್ರೀಸ್ಟೈಲ್‌ನಲ್ಲಿ ಕೈಯದೇ ದರ್ಬಾರು, ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಹೆಚ್ಚಿನ ನೂಕುಬಲ ಕಾಲಿನದು. ನೆಲದ ಮೇಲೆ ಎಲ್ಲ ಕೆಲಸವನ್ನೂ ಕೈಯಲ್ಲೇ ಮಾಡಿ ರೂಢಿಯಾದ ನಾವು ನೀರಿನಲ್ಲೂ ಕೈಯನ್ನೇ ನಂಬುತ್ತೇವೆ. ಈ ನಂಬಿಕೆಯನ್ನು ಬಿಡಿಸುವುದಕ್ಕೇ ಈ ಬರಹದ ಅರ್ಧ ಭಾಗ ಹೋಗುತ್ತದೆ.

ಎದೆಮಟ್ಟದ ನೀರಿನಲ್ಲಿ ಹೆದರಿಕೆಯಿಲ್ಲದೆ ಮುಖ ಮುಳುಗಿಸಬಲ್ಲಿರಿ, ಹೇಗೋ ಒಂದು 15 ಮೀಟರ್ ಈಜಬಲ್ಲಿರಿ ಅಂದುಕೊಂಡು ಶುರು ಮಾಡುತ್ತೇನೆ.

ನೀರಿಗಿಳಿಯುವ ಮುಂಚೆ

ಮೈಸೂರು, ಮಂಡ್ಯದ ಕೊಳಗಳಲ್ಲಿ ಏಪ್ರಿಲ್-ಮೇ ಅಂದರೆ ಬೇಸಿಗೆ ಶಿಬಿರದ ಮಕ್ಕಳ ಜಾತ್ರೆ. ಲೇನಿನಲ್ಲಿ ಜಾಗವೂ ಸಿಗುವುದಿಲ್ಲ, ಕೋಚ್‌ಗೆ ದೊಡ್ಡವರ ಕಡೆ ನೋಡಲು ಪುರುಸೊತ್ತೂ ಇರುವುದಿಲ್ಲ. ಶೈಲಿ ತಿದ್ದಿಕೊಳ್ಳಬೇಕು ಅನ್ನುವವರು ಶಾಲೆ ಶುರುವಾದ ಮೇಲೆ ಸೇರುವುದು ಮೇಲು. ಡಿಸೆಂಬರ್-ಜನವರಿಯ ಬೆಳಗಿನ ಬ್ಯಾಚಿನಲ್ಲಿ ನೀರು ಕೊರೆಯುತ್ತದೆ. ಆ ತಿಂಗಳುಗಳಲ್ಲಿ ಸಾಧ್ಯವಾದರೆ ಸಂಜೆ ಬ್ಯಾಚು ಹಿಡಿಯಿರಿ, ಇಲ್ಲದಿದ್ದರೆ ಕಟ್ಟೆಯ ಮೇಲೆ ಐದು ನಿಮಿಷ ಮೈ ಬಿಸಿ ಮಾಡಿಕೊಂಡೇ ಇಳಿಯಿರಿ. ತಣ್ಣಗಿರುವ ಮೀನಖಂಡ ಹಿಡಿದುಕೊಳ್ಳುವುದು ಜಾಸ್ತಿ.

ಬಟ್ಟೆ ಮೈಗಂಟಿರಲಿ. ಮಂಡಿವರೆಗೆ ಅಥವಾ ಪಾದದವರೆಗೆ ಬರುವ ಲೈಕ್ರಾ ಕಾಸ್ಟ್ಯೂಮ್‌ಗಳು ಹೆಂಗಸರಿಗೂ ಗಂಡಸರಿಗೂ ಸಿಗುತ್ತವೆ. ಅದರ ಮೇಲೆ ಸಡಿಲ ಟೀ ಶರ್ಟ್ ಹಾಕಿಕೊಂಡರೆ ಪ್ರತಿ ಸ್ಟ್ರೋಕಿಗೂ ಒಂದು ಚೀಲ ನೀರು ಎಳೆದಂತಾಗುತ್ತದೆ. ಕನ್ನಡಕ ಹಾಕುವವರು ಪವರ್ ಇರುವ ಗಾಗಲ್ಸ್ ತೆಗೆದುಕೊಳ್ಳಿ. ಎದುರು ಗೋಡೆ ಕಾಣದಿದ್ದರೆ ತಲೆ ತಾನಾಗಿ ಮೇಲೇಳುತ್ತದೆ, ತಲೆ ಎದ್ದರೆ ಕಾಲು ಮುಳುಗುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರೆ ಶವರ್‌ನಲ್ಲಿ ತೊಳೆದು, ಕ್ಯಾಪ್ ಹಾಕಿ ಇಳಿಯಿರಿ. ಹೊಟ್ಟೆಯ ವಿಷಯಕ್ಕೆ ಬಂದರೆ, ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು ಸಾಕು. ಮಸಾಲೆ ದೋಸೆ ಈಜಿ ಬಂದ ಮೇಲೆ; ಆಗ ಅದರ ರುಚಿಯೂ ಬೇರೆ.

ಹಂತ 1: ಉದ್ದಕ್ಕೆ ಚಾಚಿ ಸುಮ್ಮನಿರುವುದು

ಇದನ್ನು ಎಲ್ಲರೂ ಹಾರಿಸಿ ಮುಂದೆ ಹೋಗುತ್ತಾರೆ. ಹಾರಿಸಬೇಡಿ. ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಮೈ ಜೋರಾಗಿ ಸಾಗುವುದು ಕೈಕಾಲು ಆಡಿಸುವಾಗಲ್ಲ, ಒದ್ದು ಮುಗಿಸಿ ಚಾಚಿಕೊಂಡ ಆ ಒಂದೆರಡು ಕ್ಷಣಗಳಲ್ಲಿ. ಗ್ಲೈಡ್ ಅನ್ನುವುದು ಇದನ್ನೇ.

ಗೋಡೆಗೆ ಬೆನ್ನು ಕೊಟ್ಟು, ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು, ತೋಳುಗಳು ಕಿವಿಗೆ ತಾಗುವಂತೆ ಕೈ ಚಾಚಿ. ಮುಖ ನೀರಿಗಿಟ್ಟು ಎರಡೂ ಪಾದಗಳಿಂದ ಗೋಡೆಯನ್ನು ಒದ್ದು ಹೊರಡಿ. ಕಣ್ಣು ತಳದ ಟೈಲ್ಸ್ ಕಡೆ ಇರಲಿ. ಕೈ, ತಲೆ, ಸೊಂಟ, ಹಿಮ್ಮಡಿ ಎಲ್ಲ ಒಂದೇ ಗೆರೆಯಲ್ಲಿರಬೇಕು. ಮೂಗು-ಬಾಯಲ್ಲಿ ನಿಧಾನಕ್ಕೆ ಗುಳ್ಳೆ ಬಿಡುತ್ತಾ, ತಾನಾಗಿ ನಿಲ್ಲುವವರೆಗೆ ಏನೂ ಮಾಡಬೇಡಿ. ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಎರಡನೇ ಸಲ ಬೇಕೆಂದೇ ತಲೆ ಎತ್ತಿ, ಎದುರು ಗೋಡೆ ನೋಡುತ್ತಾ ಹೊರಡಿ. ಎಷ್ಟು ಹಿಂದೆಯೇ ನಿಂತಿರಿ ನೋಡಿಕೊಳ್ಳಿ. ತಲೆ ಯಾಕೆ ಕೆಳಗಿರಬೇಕು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗ್ಲೈಡ್‌ನಲ್ಲಿ ಕೈಗಳು ನೀರಿನ ಮೇಲ್ಮೈಗಿಂತ ಒಂದು ಗೇಣಿನಷ್ಟು ಕೆಳಗಿರಲಿ. ಮೇಲ್ಮೈಯಲ್ಲಿ ಅಲೆ ಎಬ್ಬಿಸುತ್ತಾ ಹೋಗುವುದಕ್ಕಿಂತ ಸ್ವಲ್ಪ ಒಳಗೆ ಜಾರುವುದು ಹಗುರ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್ ಬ್ರೆಸ್ಟ್ ಸ್ಟ್ರೋಕ್‌ನ ಬಹುಭಾಗವನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದರು. ಆಮೇಲೆ ನಿಯಮವನ್ನೇ ಬದಲಿಸಿ, ನೀರಿನಡಿಯ ಈಜಿಗೆ ಮಿತಿ ಹಾಕಬೇಕಾಯಿತು. ನಮಗೆ ಅಷ್ಟು ದೂರದ ಮುಳುಗು ಬೇಡ, ಒಂದು ಗೇಣು ಸಾಕು.

ಹಂತ 2: ಕಾಲು

ಇಲ್ಲಿ ನಿಧಾನ ಮಾಡಿ. ಬೇರೆ ಎಲ್ಲದಕ್ಕೆ ಕೊಡುವ ಸಮಯವನ್ನು ಒಟ್ಟು ಸೇರಿಸಿದರೆ ಎಷ್ಟಾಗುತ್ತದೋ ಅಷ್ಟನ್ನು ಕಾಲೊಂದಕ್ಕೇ ಕೊಡಿ.

ಬ್ರೆಸ್ಟ್ ಸ್ಟ್ರೋಕ್ ಕಿಕ್ಕಿನಲ್ಲಿ ನೀರನ್ನು ನೂಕುವುದು ಪಾದದ ಒಳಬದಿ ಮತ್ತು ಮಂಡಿಯ ಕೆಳಗಿನ ಕಾಲಿನ ಒಳಮೈ. ಇದು ತಲೆಗೆ ಹೋದರೆ ಮಿಕ್ಕಿದ್ದು ಅರ್ಥವಾಗುತ್ತದೆ. ಪಾದದ ಮೇಲ್ಭಾಗಕ್ಕೆ ನೀರು ತಾಗುತ್ತಿದ್ದರೆ ಆ ಕಿಕ್ ತಪ್ಪು, ಎಷ್ಟೇ ಜೋರಾಗಿದ್ದರೂ ಅಷ್ಟೇ.

ಕ್ರಮ ಹೀಗೆ. ಕಾಲು ಜೋಡಿಸಿ ನೀಳವಾಗಿ ಚಾಚಿದ್ದೀರಿ. ಮೊದಲು ಹಿಮ್ಮಡಿಗಳನ್ನು ನಿಧಾನವಾಗಿ ಪಿರ್ರೆಯ ಕಡೆಗೆ ತನ್ನಿ. ತರುವಾಗ ಪಾದಗಳು ಸಡಿಲವಾಗಿ, ತೊಡೆಯ ಮರೆಯಲ್ಲೇ ಬರಲಿ. ಮಂಡಿ ಸೊಂಟದಗಲಕ್ಕಿಂತ ಕೊಂಚ ಹೆಚ್ಚು ತೆರೆದರೆ ಸಾಕು. ತೊಡೆಯನ್ನು ಹೊಟ್ಟೆಯಡಿಗೆ ಎಳೆದುಕೊಳ್ಳಬೇಡಿ. ಎಳೆದರೆ ಎರಡು ತೊಡೆಗಳೂ ಎದುರು ನೀರಿಗೆ ಹಲಗೆಯಾಗಿ ನಿಲ್ಲುತ್ತವೆ. ಮಡಿಚುವುದು ಮುಖ್ಯವಾಗಿ ಮಂಡಿಯಲ್ಲಿ, ಸೊಂಟದಲ್ಲಿ ಸ್ವಲ್ಪ ಮಾತ್ರ. ಹಿಮ್ಮಡಿ ಹತ್ತಿರ ಬಂದ ಮೇಲೆ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದು ಹೊರಕ್ಕೆ ತಿರುಗಿಸಿ. ಈಗ ಎರಡೂ ಪಾದಗಳು ಮಂಡಿಗಿಂತ ಅಗಲವಾಗಿರಬೇಕು. ಅಲ್ಲಿಂದ ಹಿಂದಕ್ಕೆ, ಸಣ್ಣ ಸುತ್ತು ಹಾಕಿ ನೂಕಿ. ಶುರುವಿನಲ್ಲಿ ಮೆಲ್ಲಗೆ, ಕೊನೆಗೆ ಬೀಸಾಗಿ. ಎರಡೂ ಪಾದ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರಬೇಕು, ಬೆರಳ ತುದಿ ಚೂಪಾಗಬೇಕು. ಅಲ್ಲಿಗೆ ಮುಗಿಯಿತು. ಮುಗಿದ ಮೇಲೆ ಹಾಗೇ ಹಿಡಿದುಕೊಳ್ಳಿ.

ಕಷ್ಟವಿರುವುದು ಪಾದ ತಿರುಗಿಸುವಲ್ಲಿ. ಕೋಚ್‌ಗಳು ‘ಕಪ್ಪೆ ಕಾಲು ಹೊಡೀರಿ’ ಅನ್ನುತ್ತಾರೆ. ಅದನ್ನು ಕೇಳಿದವರು ಮಂಡಿಯನ್ನು ಆದಷ್ಟು ಅಗಲ ತೆರೆದುಬಿಡುತ್ತಾರೆ. ಇದಕ್ಕೆ ನಾವು ಕೂರುವ ರೀತಿಯೂ ಕಾರಣ. ಚಕ್ಕಂಬಕ್ಕಲ ಹಾಕಿ ಕೂತಾಗ ತೊಡೆ ಸೊಂಟದ ಕೀಲಿನಲ್ಲಿ ಹೊರಕ್ಕೆ ತಿರುಗುತ್ತದೆ, ಮಂಡಿ ಆಚೆ, ಪಾದ ಈಚೆ. ಬ್ರೆಸ್ಟ್ ಸ್ಟ್ರೋಕ್‌ಗೆ ಬೇಕಾದದ್ದು ಇದರ ತದ್ವಿರುದ್ಧ: ಮಂಡಿ ಈಚೆ, ಪಾದ ಆಚೆ. ದಿನವೂ ನೆಲದ ಮೇಲೆ ಕೂತು ಉಣ್ಣುವವರಿಗೂ ಈ ಒಳತಿರುವು ಬಿಗಿಯಾಗಿಯೇ ಇರಬಹುದು. ಮೈಸೂರಿನಲ್ಲಿ ಬೀದಿಗೊಂದು ಯೋಗಶಾಲೆಯಿದೆ, ಅಲ್ಲಿ ವೀರಾಸನ ಹೇಳಿಸಿಕೊಳ್ಳಿ. ಮಂಡಿ ಹತ್ತಿರ ಹತ್ತಿರ, ಪಾದಗಳು ಸೊಂಟದ ಎರಡು ಪಕ್ಕಕ್ಕೆ, ನಡುವೆ ಕೂರುವುದು. ಪಿರ್ರೆಯ ಕೆಳಗೆ ದಪ್ಪ ದಿಂಬು ಇಟ್ಟುಕೊಂಡು ಶುರು ಮಾಡಿ, ದಿನ ಕಳೆದಂತೆ ದಿಂಬಿನ ಎತ್ತರ ಇಳಿಸಿ. ಮಂಡಿಯೊಳಗೆ ಚುಚ್ಚಿದರೆ ಅಲ್ಲಿಗೇ ಬಿಡಿ. ಎಳೆತ ತೊಡೆಯ ಮುಂಭಾಗದಲ್ಲಿ, ಪಾದದ ಕೀಲಿನಲ್ಲಿ ಗೊತ್ತಾಗಬೇಕೇ ಹೊರತು ಮಂಡಿ ಗಂಟಿನೊಳಗಲ್ಲ. ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದುಕೊಳ್ಳುವ ವಿಷಯದಲ್ಲಿ ಮಾತ್ರ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡಿದವರಿಗೆ ಲಾಭ. ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲು ಹಾಕಲು ಬರುತ್ತದೆ ಅಂದರೆ ನಿಮ್ಮ ಪಾದದ ಕೀಲು ತಯಾರಾಗಿದೆ.

ಈಗ ಅಭ್ಯಾಸ. ಮನೆಯಲ್ಲಿ ದಿವಾನದ ಅಂಚಿಗೆ ಸೊಂಟ ಬರುವಂತೆ ಬೋರಲು ಮಲಗಿ, ಯಾರಿಗಾದರೂ ಪಾದದ ಒಳಬದಿಗೆ ಅಂಗೈ ಒತ್ತಿ ಹಿಡಿಯಲು ಹೇಳಿ. ಅವರ ಅಂಗೈಯನ್ನು ಸುತ್ತಿಸಿ ಹಿಂದಕ್ಕೆ ನೂಕುವುದು ನಿಮ್ಮ ಕೆಲಸ. ಹೀಗೆ ಹತ್ತು ಸಲ ಮಾಡಿದರೆ ನೀರು ಎಲ್ಲಿ ತಾಗಬೇಕು ಅನ್ನುವುದು ಕಾಲಿಗೆ ಗೊತ್ತಾಗುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಕೊಳದಲ್ಲಿ ಮೊದಲು ಅಂಚಿನ ಮೇಲೆ ಕೂತು, ಕಾಲು ನೀರಲ್ಲಿಟ್ಟು ನಿಮ್ಮ ಪಾದಗಳನ್ನು ನೀವೇ ನೋಡುತ್ತಾ ಕಿಕ್ ಮಾಡಿ. ಹೆಬ್ಬೆರಳನ್ನು ಗಮನಿಸಿ. ಹಿಮ್ಮಡಿ ಹತ್ತಿರ ಬಂದಾಗ ಹೆಬ್ಬೆರಳು ಪಕ್ಕದ ಲೇನಿನ ಕಡೆ ತೋರಿಸಬೇಕು. ಅದು ಕೊಳದ ತಳವನ್ನೋ ಎದುರು ಗೋಡೆಯನ್ನೋ ತೋರಿಸುತ್ತಿದ್ದರೆ ಪಾದ ತಿರುಗಿಲ್ಲ. ಆಮೇಲೆ ಗೋಡೆ ಹಿಡಿದು ಬೋರಲಾಗಿ ಮಾಡಿ. ಅದಾದ ಮೇಲೆ ಬೆನ್ನ ಮೇಲೆ ತೇಲುತ್ತಾ, ಕೈ ತೊಡೆಯ ಪಕ್ಕಕ್ಕಿಟ್ಟು ಕಿಕ್ ಮಾಡುವುದು. ನನ್ನ ಅಭಿಪ್ರಾಯದಲ್ಲಿ ಇಡೀ ಅಭ್ಯಾಸದಲ್ಲಿ ಅತ್ಯಂತ ಬೆಲೆಬಾಳುವ ಡ್ರಿಲ್ ಇದೇ. ಮಂಡಿ ನೀರಿನಿಂದ ಮೇಲೆ ಬಂದರೆ ತೊಡೆಯನ್ನು ಹೊಟ್ಟೆಗೆ ಎಳೆಯುತ್ತಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಮುಖ ಹೊರಗೇ ಇರುವುದರಿಂದ ಉಸಿರಿನ ಗಡಿಬಿಡಿಯೂ ಇಲ್ಲ. ಮಂಡಿ ಮುಳುಗಿಯೇ ಇರುವಂತೆ 25 ಮೀಟರ್ ಹೋಗಲು ಬಂದರೆ ನಿಮ್ಮ ಕಿಕ್ ಮುಕ್ಕಾಲು ಪಾಲು ಸರಿಯಾಯಿತು.

ಕಿಕ್ ಬೋರ್ಡ್ (ಕೈಯಲ್ಲಿ ಹಿಡಿದುಕೊಳ್ಳುವ ತೇಲುವ ಹಲಗೆ) ಆಮೇಲೆ. ಅದೂ ಮಿತವಾಗಿ. ಬೋರ್ಡ್ ಹಿಡಿದರೆ ಎದೆ ಮೇಲೆದ್ದು ಸೊಂಟ ಕೆಳಗಿಳಿಯುತ್ತದೆ, ತಲೆ ಎತ್ತಿಕೊಂಡೇ ಹೋಗುವ ಚಟ ಅಂಟುತ್ತದೆ. ನಾಲ್ಕೈದು ದಿನ ಬೋರ್ಡಿನಲ್ಲಿ ಮಾಡಿದ ಮೇಲೆ ಅದನ್ನು ಕಟ್ಟೆಯ ಮೇಲಿಟ್ಟು, ಬರೀ ಕೈ ಚಾಚಿಕೊಂಡು ಎರಡು ಕಿಕ್ಕಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾ ಹೋಗಿ.

ಇನ್ನು ಒಂದು ಕಾಲು ಸರಿಯಾಗಿ ತಿರುಗಿ, ಇನ್ನೊಂದು ಕತ್ತರಿಯಂತೆ ಆಡುವ ರೋಗ. ಸ್ಪರ್ಧೆಯಲ್ಲಾದರೆ ಇದಕ್ಕೆ ಅನರ್ಹತೆ. ನಮಗೆ ಯಾರೂ ಬಾವುಟ ಎತ್ತುವುದಿಲ್ಲ, ಆದರೆ ದೇಹ ಒಂದು ಪಕ್ಕಕ್ಕೆ ವಾಲಿ ಲೇನ್ ಹಗ್ಗಕ್ಕೆ ಹೋಗಿ ಬಡಿಯುತ್ತದೆ. ಬಹುತೇಕ ಯಾವಾಗಲೂ ಅದೇ ಕಾಲು ಕೈಕೊಡುತ್ತದೆ. ಯಾವುದು ಅಂತ ತಿಳಿಯಲು ಜೊತೆಯವರಿಗೆ ಹಿಂದಿನಿಂದ ವಿಡಿಯೋ ತೆಗೆಯಲು ಹೇಳಿ. ಕೊಳದವರ ಅನುಮತಿ ಕೇಳಿ, ಬೇರೆಯವರು ಚಿತ್ರದಲ್ಲಿ ಬರದಂತೆ ತೆಗೆಯಿರಿ. ಆಮೇಲೆ ಸರಿಯಿರುವ ಕಾಲನ್ನು ಚಾಚಿ ಸುಮ್ಮನಿಟ್ಟು, ಮೊಂಡು ಕಾಲಿನಲ್ಲಿ ಮಾತ್ರ ಆರು ಕಿಕ್, ಮತ್ತೆ ಎರಡೂ ಸೇರಿಸಿ ಆರು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಬೇಗ ಆಗುತ್ತದೆ ಅಂತ ಹೇಳುವವರನ್ನು ನಂಬಬೇಡಿ.

ಹಂತ 3: ಕೈ

ಕೈಗೆ ಇಷ್ಟೆಲ್ಲ ಹೇಳುವುದಿಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ, ಕೈಯನ್ನು ತೀರಾ ಹಿಂದಕ್ಕೆ ಎಳೆಯುವುದು. ಕೈ ಭುಜದ ಗೆರೆ ದಾಟಬಾರದು. ನೀರೊಳಗಿದ್ದಾಗ ಎರಡೂ ಅಂಗೈಗಳು ಸದಾ ನಿಮ್ಮ ಕಣ್ಣಳತೆಯಲ್ಲಿರಬೇಕು.

ಚಾಚಿದ ಕೈಗಳ ಅಂಗೈಯನ್ನು ಹೊರಕ್ಕೆ ವಾಲಿಸಿ, ಹೆಬ್ಬೆರಳು ಕೆಳಗಾಗುವಂತೆ, ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ತೆರೆಯಿರಿ. ಇದರಲ್ಲಿ ಬಲ ಬೇಡ, ನೀರು ಹಿಡಿಯಲು ಜಾಗ ಮಾಡಿಕೊಳ್ಳುವುದಷ್ಟೇ. ಅಲ್ಲಿಂದ ಮೊಣಕೈ ಮೇಲಿದ್ದ ಜಾಗದಲ್ಲೇ ಇರಲಿ. ಮುಂಗೈ ಮತ್ತು ಅಂಗೈ ಕೆಳಕ್ಕೆ ಬಾಗಿ ಒಳಕ್ಕೆ ಬರಲಿ. ರಾಗಿ ಹಿಟ್ಟು ಕಲಸಿದ ಅಗಲ ಬೇಸಿನ್ನಿನ ಒಳಮೈಯಿಂದ ಅಂಟಿದ್ದನ್ನೆಲ್ಲ ಎರಡೂ ಕೈಯಲ್ಲಿ ಬಳಿದು ಎದೆಯ ಮುಂದೆ ಗುಡ್ಡೆ ಮಾಡುತ್ತೀರಲ್ಲ, ಅದೇ ಚಲನೆ. ಗುಡ್ಡೆ ಮಾಡಿದ ಕ್ಷಣವೇ ನಿಲ್ಲಿಸದೆ ಕೈಯನ್ನು ಮುಂದಕ್ಕೆ ಚಾಚಿಬಿಡಿ. ಎದೆಯಡಿಯಲ್ಲಿ ಕೈ ಮುಗಿದು ಒಂದು ಕ್ಷಣ ನಿಲ್ಲುವ ಅಭ್ಯಾಸ ತುಂಬಾ ಜನಕ್ಕಿದೆ. ಅಲ್ಲಿ ನಿಂತರೆ ಎಷ್ಟು ವೇಗ ಗಳಿಸಿದ್ದಿರೋ ಅಷ್ಟೂ ಹೋಗುತ್ತದೆ.

ಪರೀಕ್ಷೆ ಬೇಕಿದ್ದರೆ ತೊಡೆಗಳ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಸಿಕ್ಕಿಸಿಕೊಂಡು ಬರೀ ಕೈಯಲ್ಲಿ 15 ಮೀಟರ್ ಹೋಗಿ. ಸಣ್ಣ ಸುತ್ತುಗಳಲ್ಲಿ ಹೋಗಲು ಬಂದರೆ ಸಾಕು. ಕೈಯ ಪಾಠ ಇಷ್ಟೇ.

ಹಂತ 4: ಉಸಿರು

ಮಂಡ್ಯ ಸೀಮೆಯ ಎಷ್ಟೋ ಜನಕ್ಕೆ ಈಜು ಬಂದದ್ದು ನಾಲೆಯಲ್ಲಿ, ಕೆರೆಯಲ್ಲಿ, ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ, ಇಲ್ಲವೇ ಲಾರಿ ಟ್ಯೂಬು. ಇವರಿಗೆ ನೀರಿನ ಭಯವೇ ಇಲ್ಲ, ದಮ್ಮೂ ಗಟ್ಟಿ. ಪಾಂಡವಪುರದ ಕಡೆಯವರೊಬ್ಬರು ನಲವತ್ತು ದಾಟಿದ ಮೇಲೆ ಡಾಕ್ಟರ್ ಹೇಳಿದರು ಅಂತ ನಮ್ಮ ಬ್ಯಾಚಿಗೆ ಸೇರಿದರು. ನಾಲೆಯಲ್ಲಿ ಎದುರಿಗೆ ಏನು ತೇಲಿ ಬರುತ್ತದೆ ಅಂತ ನೋಡಿಕೊಂಡೇ ಈಜಿದವರಲ್ಲವೇ, ತಲೆ ಒಂದು ಸಲವೂ ನೀರಿಗೆ ಇಳಿಯುತ್ತಿರಲಿಲ್ಲ. ‘ಅಣ್ಣ, ಇಲ್ಲಿ ಹಾವೂ ಇಲ್ಲ, ಮರದ ದಿಮ್ಮೀನೂ ಇಲ್ಲ, ತಲೆ ಇಳ್ಸಿ’ ಅಂತ ಕೋಚ್ ಕಟ್ಟೆಯಿಂದ ಕೂಗುತ್ತಿದ್ದರು. ‘ಇಳ್ಸಿದ್ರೆ ಮೂಗಿಗೆ ನೀರೋಯ್ತದೆ ಸಾ’ ಅನ್ನುವುದು ಅವರ ಉತ್ತರ.

ಮೂಗಿಗೆ ನೀರು ಹೋಗುವುದು ಮುಖ ಮುಳುಗಿಸಿದ್ದಕ್ಕಲ್ಲ, ಮುಳುಗಿಸಿ ಉಸಿರು ಬಿಗಿಹಿಡಿದದ್ದಕ್ಕೆ. ನೀರೊಳಗೆ ಮುಖವಿರುವಷ್ಟು ಹೊತ್ತೂ ಮೂಗಿನಿಂದ ಸಣ್ಣಗೆ ಗಾಳಿ ಹೊರಗೆ ಹೋಗುತ್ತಲೇ ಇದ್ದರೆ ನೀರು ಒಳಗೆ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ಉಸಿರು ಮೊದಲೇ ಬಿಟ್ಟಿದ್ದರೆ ತಲೆ ಮೇಲೆದ್ದಾಗ ಎಳೆದುಕೊಳ್ಳುವುದಷ್ಟೇ ಬಾಕಿ. ಬಿಗಿಹಿಡಿದು ಬಂದವರು ಆ ಅರ್ಧ ಸೆಕೆಂಡಿನಲ್ಲಿ ಬಿಟ್ಟೂ ಬಿಡಬೇಕು, ಎಳೆದೂ ಎಳೆಯಬೇಕು. ಏದುಸಿರಿನ ಗುಟ್ಟು ಇದೇ. ದಮ್ಮು ಕಡಿಮೆ ಅಂತ ತಮ್ಮನ್ನು ತಾವು ಬೈದುಕೊಳ್ಳುವವರಲ್ಲಿ ಬಹುಪಾಲು ಜನಕ್ಕೆ ದಮ್ಮಿನ ಕೊರತೆಯಿಲ್ಲ, ಉಸಿರು ಹೊರಹಾಕುವ ಅಭ್ಯಾಸವಿಲ್ಲ.

ಆಳವಿಲ್ಲದ ಕಡೆ ನಿಂತು, ಮಂಡಿ ಬಗ್ಗಿಸಿ ಮುಳುಗಿ ಗುಳ್ಳೆ ಬಿಡಿ, ಎದ್ದು ಬಾಯಲ್ಲಿ ಉಸಿರೆಳೆಯಿರಿ, ಮತ್ತೆ ಮುಳುಗಿ. ಇಪ್ಪತ್ತು ಸಲ, ಒಂದೇ ಗತಿಯಲ್ಲಿ. ಇದು ಸಲೀಸಾದ ಮೇಲೆ ಕೈ ಜೊತೆ ಸೇರಿಸಿ. ಕೈಗಳು ಒಳಕ್ಕೆ ಬರುವಾಗ ಎದೆ ತಾನಾಗಿ ಏಳುತ್ತದೆ, ಬಾಯಿ ನೀರಿನಿಂದ ಮೇಲೆ ಬರುತ್ತದೆ. ಉಸಿರು ತೆಗೆದುಕೊಳ್ಳುವುದು ಅಲ್ಲೇ. ಕುತ್ತಿಗೆಯನ್ನು ಹಿಂದಕ್ಕೆ ಮುರಿಯಬೇಕಾಗಿಲ್ಲ. ಗದ್ದ ನೀರಿಗೆ ತಾಗಿಕೊಂಡಂತೆ ಇರಲಿ. ಕಣ್ಣು ಎದುರು ಗೋಡೆಯನ್ನು ಹುಡುಕದೆ ಮೂರ್ನಾಲ್ಕು ಅಡಿ ಮುಂದಿನ ನೀರನ್ನು ನೋಡಲಿ. ಕೈ ಮುಂದಕ್ಕೆ ಚಾಚುವಾಗ ಮುಖವೂ ಅದರ ಹಿಂದೆಯೇ ಒಳಗೆ ಹೋಗಬೇಕು.

ಪಾಂಡವಪುರದವರ ತಲೆ ಇಳಿಯಿತು. ಕುತ್ತಿಗೆ ನೋವು ಹೋಯಿತು ಅಂತ ಅವರೇ ಹೇಳಿಕೊಂಡರು. ಈಗಲೂ ಆಳದ ಕಡೆ ಬಂದಾಗ ಒಮ್ಮೆ ತಲೆಯೆತ್ತಿ ನೋಡದೆ ಬಿಡುವುದಿಲ್ಲ.

ಹಂತ 5: ಎಲ್ಲವನ್ನೂ ಕೂಡಿಸುವುದು

ಬಿಡಿಬಿಡಿಯಾಗಿ ಎಲ್ಲ ಸರಿಯಿದ್ದೂ ಸೇರಿಸಿದಾಗ ಕೆಡುವುದುಂಟು. ಕೈ ಎಳೆಯುವುದೂ ಕಾಲು ಒದೆಯುವುದೂ ಒಟ್ಟಿಗೇ ಆಗಿಬಿಡುತ್ತದೆ. ಕಾಲು ಮೈಯನ್ನು ಮುಂದಕ್ಕೆ ನೂಕುವ ಹೊತ್ತಿನಲ್ಲಿ ಎದುರಿಗೆ ಅಗಲಕ್ಕೆ ತೆರೆದ ಕೈ, ಎತ್ತಿದ ಎದೆ. ಅದಕ್ಕೇ ಅಷ್ಟು ಒದ್ದಾಡಿದರೂ ಇದ್ದಲ್ಲೇ ಇರುತ್ತೇವೆ.

ಸರಿಯಾದ ಸರದಿ: ಕೈ, ಉಸಿರು, ಕಾಲು, ಚಾಚು. ಮನಸ್ಸಿನಲ್ಲೇ ಇದನ್ನು ಹೇಳಿಕೊಳ್ಳುತ್ತಾ ಈಜಿ. ಕೈ ಎಳೆಯುವಾಗ ಕಾಲು ಹಿಂದೆ ನೀಳವಾಗಿ ಸುಮ್ಮನಿರಬೇಕು. ಕೈ ಎದೆಯ ಬಳಿ ಬರುವಾಗ ಹಿಮ್ಮಡಿ ಮೇಲೇಳಲು ಶುರು. ಕೈ ಮುಂದಕ್ಕೆ ಹೋಗಿ ಹೆಚ್ಚುಕಡಿಮೆ ನೆಟ್ಟಗಾಗುವ ಹೊತ್ತಿಗೆ ಕಿಕ್. ಒದೆತ ಬೀಳುವಾಗ ಮುಖ ನೀರೊಳಗಿರಬೇಕು. ಆಮೇಲೆ ಚಾಚಿಕೊಂಡು ‘ಒಂದು, ಎರಡು’ ಎಣಿಸಿ.

ಇದಕ್ಕೆ ಎರಡು ಡ್ರಿಲ್ ಸಾಕು. ಒಂದು, ಎರಡು ಕಿಕ್ಕಿಗೆ ಒಂದು ಪುಲ್ (ಕೈ ಎಳೆತ): ಒಂದು ಪೂರ್ತಿ ಸ್ಟ್ರೋಕ್ ಮಾಡಿ ಚಾಚಿಕೊಂಡು, ಕೈ ಆಡಿಸದೆ ಇನ್ನೊಂದು ಕಿಕ್ ಮಾಡಿ, ಆಮೇಲೆ ಮುಂದಿನ ಸ್ಟ್ರೋಕ್. ಕೈಯ ಅವಸರವನ್ನು ಇದು ಬಲವಂತವಾಗಿ ತಡೆಯುತ್ತದೆ. ಇನ್ನೊಂದು, ಪ್ರತಿ ಸ್ಟ್ರೋಕ್ ಆದ ಮೇಲೂ ಮೂರು ಎಣಿಸುವವರೆಗೆ ಗ್ಲೈಡ್. ಮೂರು ಎಣಿಕೆ ಯಾವಾಗಲೂ ಬೇಕು ಅಂತಲ್ಲ. ಅಷ್ಟು ಹೊತ್ತು ಕಾದರೆ ದೇಹ ನಿಂತೇ ಹೋಗಿ ಕಾಲು ಕೆಳಗಿಳಿಯತೊಡಗುತ್ತದೆ, ಮುಂದಿನ ಸ್ಟ್ರೋಕನ್ನು ಸೊನ್ನೆಯಿಂದ ಶುರು ಮಾಡಬೇಕು. ವೇಗ ಇಳಿಯುತ್ತಿದೆ ಅನ್ನುವುದು ಗೊತ್ತಾಗುವಾಗಲೇ, ಕಾಲು ಇಳಿಯುವ ಮುಂಚೆ, ಮುಂದಿನ ಪುಲ್ ಶುರುವಾಗಬೇಕು. ಆ ಕ್ಷಣ ಯಾವುದು ಅನ್ನುವುದು ಮೂರು ಎಣಿಸಿ ನೋಡಿದವರಿಗೇ ತಿಳಿಯುವುದು.

ಯೂಟ್ಯೂಬ್ ನೋಡಿ ಕಲಿಯುವವರಿಗೆ ಒಂದು ಮಾತು. ಬ್ರಿಟನ್ನಿನ ಆಡಮ್ ಪೀಟಿ 2019ರಲ್ಲಿ 100 ಮೀಟರನ್ನು 56.88 ಸೆಕೆಂಡುಗಳಲ್ಲಿ ಮುಗಿಸಿದ ವಿಡಿಯೋ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ನೋಡಿ ಖುಷಿಪಡಿ, ಅನುಕರಿಸಬೇಡಿ. ಅವರ ಸ್ಟ್ರೋಕಿನಲ್ಲಿ ಗ್ಲೈಡ್ ಅನ್ನುವುದು ಕಣ್ಣಿಗೇ ಕಾಣುವುದಿಲ್ಲ; ಅಷ್ಟು ಬೀಸಿಗೆ ಬೇಕಾದ ಬಲ ನಮ್ಮಲ್ಲಿಲ್ಲ. 2014ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಸಂದೀಪ್ ಸೆಜ್ವಾಲ್ ಕಂಚು ಗೆದ್ದದ್ದು 50 ಮೀಟರಿನಲ್ಲಿ, ಅದೂ ಇದೇ ಜಾತಿಯ ಓಟ. ನಾವು ನೋಡಬೇಕಾದದ್ದು 200 ಮೀಟರ್ ಸ್ಪರ್ಧೆಗಳ ನೀರಿನಡಿಯ ದೃಶ್ಯಗಳನ್ನು. ದೂರ ಹೋಗಬೇಕಾದವರು ಎಷ್ಟು ಹೊತ್ತು ಸುಮ್ಮನೆ ಜಾರುತ್ತಾರೆ ಅನ್ನುವುದು ಅಲ್ಲಿ ಕಾಣುತ್ತದೆ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆಯನ್ನು 21 ಗಂಟೆ 45 ನಿಮಿಷಗಳಲ್ಲಿ ದಾಟಿದ್ದು ಬ್ರೆಸ್ಟ್ ಸ್ಟ್ರೋಕ್‌ನಲ್ಲೇ.

ಪ್ರಗತಿ ಅಳೆಯಲು ಗಡಿಯಾರ ಬೇಡ, ಸ್ಟ್ರೋಕ್ ಎಣಿಸಿ. 25 ಮೀಟರಿಗೆ ನಿಮಗೆ 25-30 ಸ್ಟ್ರೋಕ್ ಆಗುತ್ತಿದ್ದರೆ ಮೊದಲ ಗುರಿ 20. ಹದಿನೈದರ ಆಸುಪಾಸಿಗೆ ಬಂದರೆ ಒಳ್ಳೆಯ ಈಜು. ಎತ್ತರದವರಿಗೆ ಇನ್ನೂ ಕಡಿಮೆ ಆಗುತ್ತದೆ, ಅವರ ಜೊತೆ ಹೋಲಿಸಿಕೊಳ್ಳಬೇಡಿ.

45 ನಿಮಿಷದ ಬ್ಯಾಚಿನಲ್ಲಿ ಏನೇನು

ಬ್ಯಾಚು ಬೇಗ ಮುಗಿಯುತ್ತದೆ, ಹರಟೆಗೆ ಹತ್ತು ನಿಮಿಷ ಹೋಗುವುದೂ ಖಂಡಿತ. ಮೊದಲ ತಿಂಗಳಿಗೆ ಹೀಗೊಂದು ಲೆಕ್ಕ ಇಟ್ಟುಕೊಳ್ಳಿ:

- ಗೋಡೆ ಒದ್ದು ಗ್ಲೈಡ್, ಗುಳ್ಳೆ: 5 ನಿಮಿಷ
- ಬೆನ್ನ ಮೇಲೆ ಕಿಕ್: 25 ಮೀಟರ್, 4 ಸಲ, ನಡುವೆ ಉಸಿರು ಹದಕ್ಕೆ ಬರುವಷ್ಟು ವಿಶ್ರಾಂತಿ
- ಕೈ ಚಾಚಿ ಕಿಕ್: 25 ಮೀಟರ್, 4 ಸಲ
- ಎರಡು ಕಿಕ್ಕಿಗೆ ಒಂದು ಪುಲ್: 25 ಮೀಟರ್, 4 ಸಲ
- ಪೂರ್ತಿ ಸ್ಟ್ರೋಕ್, ಎಣಿಸುತ್ತಾ: 25 ಮೀಟರ್, 4 ಸಲ
- ಉಳಿದ ಹೊತ್ತು ನಿಮ್ಮಿಷ್ಟ

ಎಣಿಕೆ ಹೆಚ್ಚಾಗತೊಡಗಿದರೆ ದಣಿವಾಗಿದೆ ಅಂತ ಅರ್ಥ. ಆಗ ಪೂರ್ತಿ ಸ್ಟ್ರೋಕ್ ನಿಲ್ಲಿಸಿ. ಕೆಟ್ಟ ಸ್ಟ್ರೋಕನ್ನು ಹತ್ತು ಸಲ ಮಾಡಿದರೆ ಅದೇ ಗಟ್ಟಿಯಾಗುತ್ತದೆ. 50 ಮೀಟರಿನ ಕೊಳದಲ್ಲಿ ಆಳದ ಕಡೆಗೆ ಹೋಗಲು ಅಳುಕಿದ್ದರೆ ಗೋಡೆ ಪಕ್ಕದ ಲೇನ್ ಹಿಡಿಯಿರಿ, ಲೈಫ್‌ಗಾರ್ಡ್‌ಗೆ ಒಂದು ಮಾತು ಹೇಳಿರಿ. ಇದರಲ್ಲಿ ಸಂಕೋಚವೇನೂ ಇಲ್ಲ. ವಾರಕ್ಕೆ ಒಂದೇ ದಿನ ಬಂದು ಎರಡು ಗಂಟೆ ಒದ್ದಾಡುವುದಕ್ಕಿಂತ ಮೂರು ದಿನ ಬಂದು ಮುಕ್ಕಾಲು ಗಂಟೆ ಮಾಡುವುದು ಲೇಸು.

ತಿರುಗುವಾಗ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಲಿ. ಸ್ಪರ್ಧೆಯ ನಿಯಮವೂ ಅದೇ. ಮುಟ್ಟಿ, ಮಂಡಿ ಮಡಿಚಿ, ಪಕ್ಕಕ್ಕೆ ತಿರುಗಿ, ಪಾದ ಊರಿ ಒದ್ದು ಹೊರಡಿ. ಸ್ಪರ್ಧಿಗಳು ಗೋಡೆಯಿಂದ ಹೊರಟ ಮೇಲೆ ನೀರಿನಡಿಯಲ್ಲಿ ಮಾಡುವ ಉದ್ದನೆಯ ಎಳೆತ, ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒಟ್ಟಿಗೆ ಒದೆಯುವುದು), ಇವೆಲ್ಲ ಸದ್ಯಕ್ಕೆ ಬೇಡ.

ಮಂಡಿ ಮತ್ತು ಸೆಳೆತ

ಬ್ರೆಸ್ಟ್ ಸ್ಟ್ರೋಕ್ ಹೆಚ್ಚು ಮಾಡುವವರಿಗೆ ಮಂಡಿಯ ಒಳಬದಿಯಲ್ಲಿ ನೋವು ಬರುವುದು ಗೊತ್ತಿರುವ ಸಂಗತಿಯೇ. ಪಾದವನ್ನು ಹೊರಕ್ಕೆ ತಿರುಗಿಸಿ ಬೀಸಿ ನೂಕುವಾಗ ಮಂಡಿಯ ಒಳಗಡೆಯ ಕಟ್ಟಿನ (ಲಿಗಮೆಂಟ್) ಮೇಲೆ ಎಳೆತ ಬೀಳುತ್ತದೆ. ಸೊಂಟದಲ್ಲಿ ಆಗಬೇಕಾದ ತಿರುವು ಅಲ್ಲಿ ಆಗದಿದ್ದರೆ ಆ ಪಾಲನ್ನೂ ಮಂಡಿಯೇ ಹೊರಬೇಕು. ನೋವು ಶುರುವಾದರೆ ಆ ದಿನಕ್ಕೆ ಬ್ರೆಸ್ಟ್ ಕಿಕ್ ಬಿಟ್ಟು ಫ್ರೀಸ್ಟೈಲ್ ಕಾಲು ಹೊಡೆಯಿರಿ. ಮಂಡಿ ಇನ್ನಷ್ಟು ಹತ್ತಿರ ತಂದು ಮಾಡಿದರೆ ಒಳ್ಳೆಯ ಕಿಕ್ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಲವತ್ತು ದಾಟಿದ ಮಂಡಿಗೆ ಆ ಸಲಹೆ ಒಗ್ಗುವುದಿಲ್ಲ. ಸೊಂಟದಗಲಕ್ಕಿಂತ ಕೊಂಚ ಹೆಚ್ಚೇ ಸರಿ. ಮಂಡಿಗೆ ಮೊದಲೇ ಪೆಟ್ಟಾಗಿದ್ದವರು, ಮಂಡಿ ಚಿಪ್ಪಿನ ಆಪರೇಷನ್ ಆದವರು ಮೂಳೆ ಡಾಕ್ಟರನ್ನು ಕೇಳಿಯೇ ಈ ಕಿಕ್ಕಿಗೆ ಕೈ ಹಾಕಿ.

ಈಜುತ್ತಿರುವಾಗ ಮೀನಖಂಡ ಹಿಡಿದುಕೊಂಡರೆ ಗಾಬರಿಯಲ್ಲಿ ಕಾಲು ಝಾಡಿಸಬೇಡಿ. ಬೆನ್ನ ಮೇಲೆ ಹೊರಳಿ ತೇಲಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಬಿಟ್ಟ ಮೇಲೆ ಬರೀ ಕೈಯಲ್ಲಿ ಗೋಡೆಗೆ ಬನ್ನಿ. ಬೆನ್ನ ಮೇಲೆ ಕಿಕ್ ಅಭ್ಯಾಸ ಮಾಡಿದ್ದವರಿಗೆ ಇಲ್ಲೂ ಅದು ನೆರವಿಗೆ ಬರುತ್ತದೆ.

ಕೊಳದಿಂದ ಹೊಳೆಗೆ ಹೋಗುವವರಿಗೆ

ಸ್ವಲ್ಪ ಈಜು ಬಂದ ಮೇಲೆ ಭಾನುವಾರ ಬಲಮುರಿಗೋ, ಶ್ರೀರಂಗಪಟ್ಟಣದ ಸಂಗಮಕ್ಕೋ, ವಿಶ್ವೇಶ್ವರಯ್ಯ ನಾಲೆಗೋ ಹೋಗಿ ನೋಡೋಣ ಅನ್ನಿಸುವುದು ಸಹಜ. ಇಳಿಯಬೇಡಿ ಅಂತಲೇ ನನ್ನ ಸಲಹೆ. ಕಾವೇರಿಯಲ್ಲಿ ಬಂಡೆಗಳ ನಡುವೆ ಸುಳಿಯಿದೆ, ಮೇಲಿಂದ ನೀರು ಬಿಟ್ಟರೆ ಹರಿವು ಏರುತ್ತದೆ. ನಾಲೆಯಲ್ಲಿ ನೀರು ಸಾಧುವಾಗಿ ಕಂಡರೂ ಸೆಳೆತ ಜೋರು, ಕಾಂಕ್ರೀಟ್ ಹಾಕಿದ ಇಳಿಜಾರು ಗೋಡೆ ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವರೂ ದಡ ಮುಟ್ಟಿ ಹತ್ತಲಾಗದೆ ಸೋಲುವುದು ಅಲ್ಲಿ. ಕೊಳದಲ್ಲಿ 25 ಮೀಟರಿಗೊಮ್ಮೆ ಸಿಗುವ ಗೋಡೆ ಅಲ್ಲಿ ಸಿಗುವುದಿಲ್ಲ.

ನಿಮ್ಮೆದುರಿಗೇ ಯಾರಾದರೂ ಮುಳುಗುತ್ತಿದ್ದರೆ, ಈಗ ತಾನೇ ಕಲಿತ ಬ್ರೆಸ್ಟ್ ಸ್ಟ್ರೋಕನ್ನು ನಂಬಿ ಹಾರಬೇಡಿ. ಮುಳುಗುವವರು ಹತ್ತಿರ ಬಂದವರನ್ನು ಅಪ್ಪಿ ಹಿಡಿದು ಒಳಕ್ಕೆ ಎಳೆಯುತ್ತಾರೆ. ದಡದಲ್ಲೇ ನಿಂತು ಕೂಗಿ ಜನ ಸೇರಿಸಿ. ಹಗ್ಗ, ಉದ್ದನೆಯ ಗಳ, ಗಂಟು ಹಾಕಿದ ಪಂಚೆ ಅಥವಾ ಸೀರೆಯ ಒಂದು ತುದಿ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಅವರ ಕಡೆ ಎಸೆಯಿರಿ. ಎಳೆಯುವಾಗ ನೀವು ಜಾರದಂತೆ ನೆಲಕ್ಕೆ ಬೋರಲು ಮಲಗಿ ಎಳೆಯಿರಿ, ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೆ 112ಕ್ಕೆ ಫೋನ್ ಮಾಡಲು ಹೇಳಿ.